ಕೋಲಾರ ಸೀಮೆಯ ಏರುಗಳು: ಸೈಕಲ್ ಸಾಧಕರಿಗೊಂದು ಶಾಸ್ತ್ರ

ಸೈಕಲ್ ಸಾಧನೆಗೆ ಒದಗುವ ಏರಿಗೆ ಮೂರು ಲಕ್ಷಣಗಳಿರಬೇಕು: ನೆಲ ಮೇಲಕ್ಕೆ ಹೋಗಬೇಕು, ನೆಲದ ಜೊತೆ ರಸ್ತೆಯೂ ಹೋಗಬೇಕು, ಆ ಎರಡೂ ಸ್ವಂತ ಜಿಲ್ಲೆಯಲ್ಲಿರಬೇಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಒಂದೊಂದು ಲಕ್ಷಣ ಬೇಕಾದಷ್ಟು ಸಿಗುತ್ತದೆ. ಮೂರೂ ಕೂಡಿಬರುವುದು ಜಾತಕ ಕೂಡಿಬಂದಷ್ಟೇ ಅಪರೂಪ.

ಮೂರನೆಯ ಲಕ್ಷಣ ಕೈತಪ್ಪಿದ್ದು 2007ರಲ್ಲಿ. ಅಲ್ಲಿಯವರೆಗೆ ನಂದಿಬೆಟ್ಟ ಕೋಲಾರ ಜಿಲ್ಲೆಯದೇ. 1,478 ಮೀಟರ್ ಎತ್ತರ, ಮೇಲಿನವರೆಗೂ ಟಾರು, ತಿರುವಿನ ಮೇಲೆ ತಿರುವು. ಬೆಂಗಳೂರಿನ ಸವಾರರು ಭಾನುವಾರ ನಸುಕಿನಲ್ಲೇ ಹೋಗಿ ಏದುಸಿರು ಬಿಡುವ ಜಾಗ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದಾಗ ಬೆಟ್ಟ ಇದ್ದಲ್ಲೇ ಇತ್ತು, ಕೋಲಾರದ ಸವಾರ ಮಾತ್ರ ಇದ್ದಕ್ಕಿದ್ದಂತೆ ಬಯಲಿಗೆ ಬಿದ್ದ. ಬೆಟ್ಟಗಳು ಸವೆಯುವುದಕ್ಕೆ ಭೂವಿಜ್ಞಾನಿಗಳು ಮಳೆ, ಗಾಳಿ, ಬಿಸಿಲು ಎಂದು ಕಾರಣ ಕೊಡುತ್ತಾರೆ. ಸರ್ಕಾರಿ ಅಧಿಸೂಚನೆಯನ್ನು ಆ ಪಟ್ಟಿಗೆ ಸೇರಿಸುವುದು ಇನ್ನೂ ಬಾಕಿಯಿದೆ.

ಏರು ಹುಡುಕಿಕೊಂಡು ಬೆಂಗಳೂರಿನಿಂದ ಕೋಲಾರಕ್ಕೆ ಬರುವವರ ಪಾಡು ಇನ್ನೊಂದು ಬಗೆಯದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಕೋಲಾರ ಸುಮಾರು 820. ನಡುವೆ 68 ಕಿಲೋಮೀಟರ್. ಅಂದರೆ ನೂರು ಮೀಟರಿಗೆ 15 ಸೆಂಟಿಮೀಟರಿನಂತೆ ಇಳಿಯುತ್ತ ಇಳಿಯುತ್ತ ಸವಾರ ಏರಿನ ಊರಿಗೆ ಬಂದು ಮುಟ್ಟುತ್ತಾನೆ. ಇಳಿದದ್ದು ಅವನ ಗಮನಕ್ಕೆ ಬರುವುದು ಸಂಜೆ, ಎದುರುಗಾಳಿಯಲ್ಲಿ ನರಸಾಪುರ ದಾಟಿ ವಾಪಸ್ ಹೋಗುವಾಗ.

ಹಾಗೆಂದು ಜಿಲ್ಲೆಗೆ ಎತ್ತರದ ದಾರಿದ್ರ್ಯವಿದೆ ಎನ್ನುವಂತಿಲ್ಲ. ಫ್ರಾನ್ಸಿನ ಆಲ್ಪ್ ಡುಎಜ್ ಎಂಬ ಜಗತ್ಪ್ರಸಿದ್ಧ ಏರು 21 ತಿರುವುಗಳಲ್ಲಿ ಸುಮಾರು 1,100 ಮೀಟರ್ ಮೇಲೇರುತ್ತದೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಹೆಚ್ಚುಕಡಿಮೆ ಮೂರು ಆಲ್ಪ್ ಡುಎಜ್‌ಗಳು ಒಂದರ ಮೇಲೊಂದು ಅಲ್ಲೇ ಇವೆ. ಅವು ಕೆಳಮುಖವಾಗಿವೆ, ನೀರು ತುಂಬಿದೆ, 2001ರಲ್ಲಿ ಗಣಿಗೆ ಬೀಗವೂ ಬಿದ್ದಿದೆ ಎಂಬ ಮೂರು ಸಣ್ಣ ತೊಡಕುಗಳನ್ನು ಬಿಟ್ಟರೆ ಸಾಧನೆಗೆ ಅಡ್ಡಿಯಿಲ್ಲ.

ಮಾಲೂರಿನದು ರಫ್ತಿನ ಪ್ರಕರಣ. ಇಲ್ಲಿನ ಮಣ್ಣು ಇಟ್ಟಿಗೆಯಾಗಿ, ಹೆಂಚಾಗಿ ಲಾರಿ ಹತ್ತಿ ಪರಊರಿನ ಮನೆಗಳ ಮೇಲೆ ಕೂತಿದೆ. ಮಾಲೂರಿನ ಏರನ್ನು ಅಭ್ಯಾಸ ಮಾಡಬೇಕಾದವರು ಪರರ ಸೂರು ಹತ್ತಬೇಕು. ಟೇಕಲ್ ಕಡೆ ಬಂಡೆಬೆಟ್ಟಗಳು ಇವೆಯಾದರೂ ಅವು ನೆಲದಿಂದ ನೆಟ್ಟಗೆ ಎದ್ದು ನಿಂತಿರುವುದರಿಂದ ರಸ್ತೆಯೇ ಹೆದರಿ ಪಕ್ಕದಲ್ಲಿ ಹಾದುಹೋಗುತ್ತದೆ.

ಕೋಲಾರ ಪಟ್ಟಣದ ಬೆನ್ನಿಗಿರುವುದು ಶತಶೃಂಗ ಪರ್ವತ. ಶೃಂಗಗಳು ನೂರು ಎಂದು ಲೆಕ್ಕ ಕೊಟ್ಟ ಪುರಾಣ, ಟಾರು ಹಾಕಿದ್ದು ಎಷ್ಟಕ್ಕೆ ಎಂಬುದನ್ನು ಹೇಳಿಲ್ಲ. ಅಂತರಗಂಗೆಯಲ್ಲಿ ದೇವಸ್ಥಾನದವರೆಗೆ ಮೆಟ್ಟಿಲು, ಅದರಾಚೆ ಬಂಡೆ. ಬಸವನ ಬಾಯಿಂದ ಬೀಳುವ ನೀರಿನಲ್ಲಿ ಬಾಟಲಿ ತುಂಬಿಸಿಕೊಳ್ಳುವುದಷ್ಟೇ ಸೈಕಲ್ ಸವಾರನಿಗೆ ಅಲ್ಲಿರುವ ಕೆಲಸ. ಅಷ್ಟರಲ್ಲಿ ಹ್ಯಾಂಡಲಿಗೆ ತೂಗುಬಿಟ್ಟ ಚೀಲದ ಬಾಳೆಹಣ್ಣು ಕೋತಿಯ ಕೈಯಲ್ಲಿರುತ್ತದೆ. ಅದು ಸಿಪ್ಪೆ ಸುಲಿದು, ಹಣ್ಣು ತಿಂದು, ಸಿಪ್ಪೆಯನ್ನು ಸೀಟಿನ ಮೇಲೆ ಬಿಟ್ಟು ಹೋಗುತ್ತದೆ.

ಮೂರೂ ಲಕ್ಷಣಗಳು ಸಾಕ್ಷಾತ್ ಕೂಡಿಬಂದಿರುವುದು ತೇರಹಳ್ಳಿ ಬೆಟ್ಟದ ದಾರಿಯಲ್ಲಿ. ಬೆಟ್ಟದ ಮೇಲೆ ಹಳ್ಳಿಗಳಿವೆ, ಹಳ್ಳಿಗಳಿರುವುದರಿಂದ ರಸ್ತೆಯಿದೆ. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ತೂಗುತ್ತಾರೆಂದು ಹಿಡಿದರೆ, ನೂರಕ್ಕೆ ಐದರ ಏರಿನಲ್ಲಿ ಗಂಟೆಗೆ 10 ಕಿಲೋಮೀಟರ್ ಹೋಗಲು ಗುರುತ್ವಾಕರ್ಷಣೆಗೇ ಸುಮಾರು 110 ವಾಟ್ ತೆರಬೇಕು. 75 ವಾಟಿನ ಫ್ಯಾನುಗಳಾದರೆ ಒಂದೂವರೆ ತಿರುಗುತ್ತಿದ್ದವು. ಇಲ್ಲಿ ಗಾಳಿಯೂ ಇಲ್ಲ. ಈ ಹಂತದಲ್ಲಿ ಸ್ಥಳೀಯ ವಿದ್ವಾಂಸರ ಸಂದರ್ಶನ ನಡೆಯುವುದು ವಾಡಿಕೆ. ಕುರಿ ಮೇಯಿಸುವ ಹಿರಿಯರು ಕೇಳುತ್ತಾರೆ: “ಯಾಕಪ್ಪಾ, ಪಂಚರ್ರಾ?” “ಇಲ್ಲ ತಾತ, ಟ್ರೈನಿಂಗು.” “ಮೇಲೆ ಯಾರ ಮನೆಗೆ?” “ಯಾರ ಮನೆಗೂ ಇಲ್ಲ, ಹತ್ತಿ ಇಳಿಯೋದು ಅಷ್ಟೇ.” “ಇಳಿಯೋದೇ ಆದ್ರೆ ಈಗಲೇ ಕೆಳಗೇ ಇದ್ದೀಯಲ್ಲಪ್ಪಾ.” ಈ ಆಕ್ಷೇಪಕ್ಕೆ ಕ್ರೀಡಾವಿಜ್ಞಾನದಲ್ಲಿ ಉತ್ತರ ದೊರೆತಿಲ್ಲ.

ಮುಳಬಾಗಿಲಿನ ಆವಣಿ ಬೆಟ್ಟ ಸೀತೆಯ ಗುಡಿಯಿಂದ ಹೆಸರಾದದ್ದು. ಅಲ್ಲಿ ನೆಲ ಏರುತ್ತದೆ, ಭಕ್ತರು ಏರುತ್ತಾರೆ, ಸೈಕಲ್ ಕೆಳಗೆ ಬೀಗ ಹಾಕಿಸಿಕೊಂಡು ನಿಲ್ಲುತ್ತದೆ. ಈ ದಿಕ್ಕಿನ ನಿಜವಾದ ಏರಿಗೆ ಹೆದ್ದಾರಿ ಹಿಡಿದು ನಂಗಲಿ ದಾಟಬೇಕು. ಪಲಮನೇರಿನಿಂದ ಚಿತ್ತೂರಿಗೆ ಇಳಿಯುವ ಮೊಗಿಲಿ ಘಾಟಿ ಅದು. ಆದರೆ ಅದು ಆಂಧ್ರದ್ದು. ಮುಳಬಾಗಿಲಿನವರ ಪಾಲಿಗೆ ಮೊದಲು ಇಳಿಜಾರಾಗಿ ಬರುತ್ತದೆ, ಏರಾಗುವುದು ಮನೆಗೆ ಹಿಂತಿರುಗುವಾಗ, ಮೈಯಲ್ಲಿ ಕಸುವು ಉಳಿಯದ ಹೊತ್ತಿಗೆ. ಪರಿಹಾರ ಮುಳಬಾಗಿಲು ದೋಸೆ. ತುಪ್ಪದಲ್ಲಿ ಬೆಂದು ಅಂಚು ಗರಿಗರಿಯಾಗಿ ನಡುವೆ ಮೆತ್ತಗಿರುವ ಇದನ್ನು ಏರಿಗೆ ಮುಂಚೆ ತಿಂದರೆ ಏರು ಹತ್ತಲಾಗುವುದಿಲ್ಲ, ನಂತರ ತಿಂದರೆ ಏರು ಹತ್ತಿದ್ದು ದಂಡ. ಎರಡನೆಯ ಪಕ್ಷವೇ ಬಹುಮಾನ್ಯ.

ಶ್ರೀನಿವಾಸಪುರದ ಕೊಡುಗೆ ರಸ್ತೆಯುಬ್ಬು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಅದರ ಸರಾಸರಿ ಏರು ನೂರಕ್ಕೆ 5.4, ಪರ್ವತಕ್ಕೂ ಮರ್ಯಾದೆ ತರುವ ಅಂಕಿ. ಒಂದೇ ಏರನ್ನು ಮತ್ತೆ ಮತ್ತೆ ಹತ್ತಿ ಎವರೆಸ್ಟಿನ 8,848 ಮೀಟರ್ ಪೂರೈಸುವ ವ್ರತವೊಂದು ಲೋಕದ ಸವಾರರಲ್ಲಿದೆ. ಒಂದು ಪ್ರಮಾಣಬದ್ಧ ಉಬ್ಬನ್ನು 88,480 ಸಲ ದಾಟಿದರೆ ಊರು ಬಿಡದೆ ವ್ರತ ಮುಗಿಯುತ್ತದೆ. ಹಳ್ಳಿಯವರು ಒಂದು ಅಪಘಾತದ ಮಾರನೆಯ ದಿನ ತಾವೇ ಹಾಕಿಕೊಳ್ಳುವ ಉಬ್ಬುಗಳು ಇನ್ನೂ ಎತ್ತರವಾದ್ದರಿಂದ ಸಂಖ್ಯೆ ಗಣನೀಯವಾಗಿ ತಗ್ಗುತ್ತದೆ. ಮಾವಿನ ಕಾಲದಲ್ಲಿ ಮಾತ್ರ ಇದು ನಿಷಿದ್ಧ: ಮಂಡಿಗೆ ಹೊರಟ ಟ್ರಾಕ್ಟರು ಉಬ್ಬಿನ ಮೇಲೆ ಕುಲುಕಿದಾಗ ತೋತಾಪುರಿ ಉದುರುತ್ತದೆ, ಹಿಂದಿನ ಟೆಂಪೋ ಅದನ್ನು ಅರೆಯುತ್ತದೆ, ಅದರ ಹಿಂದಿನವನು ಸೈಕಲ್ಲಿನವನು.

ಏರು ಹತ್ತಲಾಗದಾಗ ಏನು ಮಾಡಬೇಕೆಂಬುದರಲ್ಲಿ ಮತಭೇದವಿದೆ. ತುಳಿಯುವವರು ಬಿದ್ದರೂ ಸರಿ ತುಳಿಯುತ್ತಾರೆ; ತಳ್ಳುವವರು ಇಳಿದು, ಫೋನ್ ಬಂದವರಂತೆ ಕಿವಿಗೆ ಕೈಯಿಟ್ಟು ನಡೆಯುತ್ತಾರೆ. ಲಾರಿಯ ಹಿಂಬದಿ ಹಿಡಿಯುವ ಮೂರನೆಯ ಪಂಥ ಪ್ರಾಚೀನವಾದರೂ ಅದರ ಅನುಯಾಯಿಗಳು ಹೆಚ್ಚು ಕಾಲ ಬಾಳುವುದಿಲ್ಲ.

ಇಳಿಯುವ ವಿಧಿ ಚಿಕ್ಕದು. ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಬೇಕು, ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು. ಕುರಿಮಂದೆ ಎದುರಾದರೆ ಬೆಲ್ಲಿಗೆ ಬೆಲೆಯಿಲ್ಲ. ಕೊನೆಯ ಮರಿ ದಾಟುವವರೆಗೆ ಕಾಲೂರಿ ನಿಲ್ಲಬೇಕು. ಈ ಹೊತ್ತನ್ನು ವಿಶ್ರಾಂತಿಯ ಲೆಕ್ಕಕ್ಕೆ ಬರೆದುಕೊಳ್ಳಬಹುದು.