ಸಂಚಕಾರ ಹೋತು, ಬಾಚಿ ಉಳೀತು

ಜಮಖಂಡಿ ತಾಲ್ಲೂಕಿನ ತುಬಚಿ, ಕೃಷ್ಣಾ ದಂಡೆಯ ಊರು. ಅಲ್ಲಿನ ಒಂದು ಮನೆಯಲ್ಲಿ ಅಡುಗೆಮನೆಯ ಕಪಾಟು ಮಾಡಲು ಒಪ್ಪಿದ ಬಡಿಗೇರ ಸಂಚಕಾರ ಹಿಡಿದು ಹೋಗಿದ್ದಾನೆ. ಮೂಲೆಯಲ್ಲಿರುವ ಅವನ ಚೀಲದೊಳಗಿನ ಬಾಚಿ ಮಾತಿಗೆ ಸಿಕ್ಕಿತು.

ಇಲ್ಲಿ ಯಾಕ ಕುಂತೀರಿ?

ಒತ್ತಿ ಬಿದ್ದೀನಿ ತಮ್ಮಾ. ಚೀಲ ಇರೋತನಕ ಯಜಮಾನ ಇನ್ನೊಬ್ಬ ಬಡಿಗ್ಯಾನ್ನ ಕರಿಯಂಗಿಲ್ಲ. ನಮ್ಮ ಮಾಲಕ ಬನಹಟ್ಟ್ಯಾಗ ಇನ್ನೊಂದು ಚೀಲ ಇಡಾಕ ಹೋಗ್ಯಾನ.

ಫೋನ್ ಹಚ್ಚಿದ್ರ?

‘ಹಾದ್ಯಾಗ ಅದೀನ್ರಿ’ ಅಂತಾನ. ಹಿಂದ ಮಷಿನ್ ಸಪ್ಪಳ ಕೇಳಸ್ತೈತಿ. ನಾಳೆ ಅಮಾಸಿ, ನಾಡ್ದು ಕರೆಂಟಿಲ್ಲ, ಆಮ್ಯಾಲ ಬೀಗರ ಮನ್ಯಾಗ ಕುಬಸ.

ತಪ್ಪೆಲ್ಲಾ ಅವಂದ ಅಂತೀರಿ?

ಯಜಮಾನ ಸಾಚಾ ಏನು? ‘ಕಬ್ಬಿನ ಬಿಲ್ ಬರ್ಲಿ, ಪ್ಲೈವುಡ್ ತರ್ತೀನಿ’ ಅಂದಾನ. ಕಬ್ಬು ಕಾರ್ಖಾನಿಗಿ ಹೋದ 14 ದಿನದಾಗ ರೊಕ್ಕ ಕೊಡಬೇಕಂತ 1966ರ ಆದೇಶನ ಐತಿ. ಬಿಲ್ ತಡ, ಪ್ಲೈವುಡ್ ತಡ, ಮಾಲಕ ತಡ. ಈ ಮನಿಗಿ ಹೊತ್ತಿಗಿ ಸರಿಯಾಗಿ ಬಂದದ್ದು ಒರಲಿ ಒಂದ.

ಮೊದಲ ಹಿಂಗಿತ್ತೇನ್ರಿ?

ಆಯದ ಕಾಲದಾಗ ರಂಟಿ, ಕುಂಟಿ, ಕೂರಿಗಿ, ಚಕ್ಕಡಿ ವರ್ಷಪೂರ್ತಿ ನಾವ ನೋಡ್ಕೋಬೇಕು. ಸುಗ್ಗ್ಯಾಗ ಕಣಕ್ಕ ಹೋಗಿ ಜ್ವಾಳ ತರಬೇಕು. ಕೂರಿಗಿ ಮುರದ್ರ ಬಿತ್ತಿಗಿ ನಿಂತಂಗ, ಬಿತ್ತಿಗಿ ನಿಂತ್ರ ನಮ್ಮ ಜ್ವಾಳಾನೂ ಹೋದಂಗ. ಅದಕ್ಕ ಮಾಲಕನ ಅಜ್ಜ ಕಂದೀಲ ಹಚ್ಚಿ ಕೆತ್ತತಿದ್ದ. ಹಸಿ ಜಾಲಿ ಕಟ್ಟಿಗಿ ಮ್ಯಾಲ ಏಟು ಬಿದ್ರ ಕೆಂಪನ ಚಕ್ಕಿ ಅಂಗಳದ ತುಂಬ ಹಾರತಿದ್ವು. ಮುಂಜಾನೆ ಓಣಿ ಹೆಣ್ಮಕ್ಳು ಬುಟ್ಟಿ ತಂದು ಒಲಿಗಿ ಆರಿಸ್ಕೊಂಡು ಹೋಗೋರು.

ಭಾಳ ಚಲೋ ಕಾಲ ಬಿಡ್ರಿ.

ಯಾರಿಗಿ? ಮಳಿ ಕೈಕೊಟ್ಟ ವರ್ಷ ಜ್ವಾಳ ಅಳಿಯೋ ಸೇರು ಸಣ್ಣದಾಗತಿತ್ತು. ಚೌಕಾಶಿ ಮಾಡಾಕ ಮಾಲಕನ ಅಜ್ಜಗ ಬಾಯಿ ಇರಲಿಲ್ಲ. ಟ್ರ್ಯಾಕ್ಟರ್ ಬಂದು ಆಯದ ಆ ಹಗ್ಗ ಹರೀತು. ಈಗ ಮೊಮ್ಮಗ ಚದರಡಿ ಲೆಕ್ಕ ಹೇಳ್ತಾನ, ಯಜಮಾನ ಹಾದಿ ಕಾಯ್ತಾನ. ನನಗ ಒಳಗೊಳಗ ಖುಷಿನ ಐತಿ, ಬರಕೋಬ್ಯಾಡ.

ಸರಕಾರ 2023ರಾಗ ವಿಶ್ವಕರ್ಮ ಯೋಜನಾ ತಂತಲ್ರಿ? 18 ಕಸಬಿನವರಿಗಿ ಸಲಕರಣಿಗಂತ 15,000 ರೂಪಾಯಿತನಕ ಐತಿ.

ನಮ್ಮ ಮಾಲಕನೂ ಹೊಸಾ ಮಷಿನ್ ತಗೊಂಡಾನ. ಅವನ್ನ ಎಂದರ ಗಿರಾಕಿ ಮನ್ಯಾಗ ಬಿಟ್ಟಾನೇನು? ಹೆಗಲಿಗೆ ಹಾಕ್ಕೊಂಡ ತಿರಗ್ತಾನ.

ನಿಮ್ಮನ್ನ ಒಯ್ಯಾಕರ ಬರಬೇಕಲ್ಲ?

ಪ್ಲೈವುಡ್ಡಿಗಿ ಬಾಚಿ ಯಾಕ ಬೇಕು ತಮ್ಮಾ? ಮೆಲ್ಲಕ ಮಾತಾಡು, ಯಜಮಾನ ಅಲ್ಲೇ ಅದಾನ.