ಹರಿಹರದ ತೆಪ್ಪ: ಸ್ಥಾನನಿರ್ಣಯ ಹಾಗೂ ತಾಂತ್ರಿಕ ಲಕ್ಷಣಗಳ ಶಾಸ್ತ್ರೀಯ ವಿವೇಚನೆ

ವಿಹಾರನೌಕೆಗಳ ಅಧ್ಯಯನದಲ್ಲಿ ಸಾಗರಗಳಿಗೆ ಸಂದ ಮರ್ಯಾದೆ ತುಂಗಭದ್ರೆಗೆ ಸಲ್ಲದಿರಲು ಕಾರಣವೆಂದರೆ, ಹರಿಹರಕ್ಕೆ ಬರುವ ವಿದ್ವಾಂಸರು ಹೊಯ್ಸಳರ ಹರಿಹರೇಶ್ವರ ದೇಗುಲವನ್ನು ನೋಡಿದವರೇ ದಾವಣಗೆರೆಗೆ ಧಾವಿಸಿ, ಬೆಣ್ಣೆದೋಸೆಯಲ್ಲಿ ತಲ್ಲೀನರಾಗಿ, ಹೊಳೆಯ ಕಡೆ ಕಣ್ಣೆತ್ತಿಯೂ ನೋಡದಿರುವುದೇ ಇರಬೇಕು.

ತೆಪ್ಪವೆಂದರೆ ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಹಿಂದೆ ತೊಗಲನ್ನೂ ಈಚೆಗೆ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿ ಮಾಡುವ ದುಂಡನೆಯ ಜಲವಾಹನ. ಇದರ ಉದ್ದವೇ ಅಗಲವಾದ್ದರಿಂದ ನೌಕಾ ದಾಖಲೆಯಲ್ಲಿ ಒಂದು ಕಲಮು ದಂಡ. ಎಂಜಿನ್ನಿನ ಕಲಮಿನಲ್ಲಿ ‘ಹುಟ್ಟು, ಒಂದು’ ಎಂದು ನಮೂದಿಸಿದರೆ ಸಾಕು. ಒಟ್ಟು ಟನ್ನೇಜು ಎಂಬುದು ತೂಕವಲ್ಲ, ಹಡಗಿನೊಳಗೆ ಮುಚ್ಚಿದ ಜಾಗದ ಗಾತ್ರದಿಂದ ಲೆಕ್ಕ ಹಾಕುವ ಅಂಕಿ. ಮೇಲೆಲ್ಲ ಬಟಾಬಯಲಾದ ತೆಪ್ಪದಲ್ಲಿ ಅದು ಸೊನ್ನೆಗಿಂತ ಮೇಲೇರುವಂತಿಲ್ಲ.

ಹಡಗುಗಳು ತಮ್ಮ ಗುರುತು, ಸ್ಥಾನ, ವೇಗ ಮತ್ತು ಮೂತಿಯ ದಿಕ್ಕನ್ನು ವಿಎಚ್‌ಎಫ್ ರೇಡಿಯೊ ಮೂಲಕ ಕೆಲವು ಸೆಕೆಂಡುಗಳಿಗೊಮ್ಮೆ ತಾವೇ ಸಾರುವ ವ್ಯವಸ್ಥೆಗೆ ಎಐಎಸ್ ಎಂದು ಹೆಸರು. ತೆಪ್ಪದಲ್ಲಿ ಈ ಕಾರ್ಯ ಅಂಬಿಗನ ಗಂಟಲಿನದು. ದಡದವರು ಕೂಗಿ ಕರೆದಾಗ ‘ಬಂದೇಬಿಟ್ಟೆ, ತಡೀರಿ’ ಎಂಬ ಉತ್ತರ ಕೇಳಿಸಿದರೆ ತೆಪ್ಪವಿನ್ನೂ ಆಚೆ ದಡದಲ್ಲಿದೆಯೆಂದೂ, ಉತ್ತರವೇ ಬಾರದಿದ್ದರೆ ಅಂಬಿಗ ಚಹಾ ಕುಡಿಯಲು ಹೋಗಿದ್ದಾನೆಂದೂ ತಿಳಿಯತಕ್ಕದ್ದು. ಮೂತಿಯ ದಿಕ್ಕಂತೂ ಅನಿರ್ಣೀತ. ರಾಣೆಬೆನ್ನೂರಿಗೆ ಮುಖ ಮಾಡಿ ಕುಳಿತ ಪ್ರಯಾಣಿಕ, ತೆಪ್ಪ ಅರ್ಧ ಗಿರಕಿ ಹೊಡೆಯುವಷ್ಟರಲ್ಲಿ ದಾವಣಗೆರೆಯನ್ನು ನೋಡುತ್ತಿರುತ್ತಾನೆ.

ಇದನ್ನು ಹಡಗೆನ್ನಬಹುದೇ ಎಂಬ ಆಕ್ಷೇಪಕ್ಕೆ ಸಮಾಧಾನವಿದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್, ಇದೇ ಹೊಳೆಯ ದುಂಡು ದೋಣಿಗಳು 15–20 ಜನರನ್ನು ಸಾಗಿಸುತ್ತಿದ್ದವೆಂದು ಬರೆದಿದ್ದಾನೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ 12ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವುದು ಪ್ರಯಾಣಿಕರ ಹಡಗೇ, ಮತ್ತು ಅಂಥ ಹಡಗು ಎಷ್ಟೇ ಚಿಕ್ಕದಿರಲಿ, ಸಮುದ್ರದಲ್ಲಿ ಅದಕ್ಕೆ ಎಐಎಸ್ ಕಡ್ಡಾಯ. ಇನ್ನು ಯಾನದ ಅಂತರರಾಷ್ಟ್ರೀಯತೆ: 1947ರವರೆಗೆ ಹರಿಹರ ಮೈಸೂರು ಸಂಸ್ಥಾನದ್ದು, ಎದುರು ದಡದ ಕುಮಾರಪಟ್ಟಣ ಬ್ರಿಟಿಷರ ಮುಂಬಯಿ ಪ್ರಾಂತದ್ದು, ಎಂದರೆ ಸಂತೆಗೆ ಹೊರಟ ಕುರಿಯೂ ತೆಪ್ಪವೇರಿ ಸರ್ಕಾರ ಬದಲಿಸುತ್ತಿತ್ತು. 1956ರ ನವೆಂಬರ್ 1ರಂದು ಎರಡೂ ದಡಗಳು ಒಂದೇ ರಾಜ್ಯಕ್ಕೆ ಸೇರಿದ್ದರಿಂದ ಈ ಘನತೆ ಜಿಲ್ಲಾ ಮಟ್ಟಕ್ಕೆ ಇಳಿಯಿತು. ಹೊಳೆಯ ಮೇಲಿನ 1868ರ ಸೇತುವೆಯಾದರೋ ಇದ್ದಲ್ಲೇ ಇದ್ದು, ಸ್ಥಾನನಿರ್ಣಯ ಶಾಸ್ತ್ರಕ್ಕೆ ಯಾವ ಸಹಾಯವನ್ನೂ ಮಾಡಿಲ್ಲ.

ಲಂಗರು ಹಾಕಿದ ಹಡಗು ಸಾಮಾನ್ಯವಾಗಿ 3 ನಿಮಿಷಕ್ಕೊಮ್ಮೆ ತನ್ನ ಸ್ಥಾನವನ್ನು ಸಾರುತ್ತದೆ. ಬೇಸಿಗೆಯಲ್ಲಿ ನೀರು ಬತ್ತಿ, ತೆಪ್ಪ ದಡದ ಮೇಲೆ ಬೋರಲು ಬಿದ್ದಿರುವಾಗ ಈ ಹೊಣೆ ಅದರ ನೆರಳಲ್ಲಿ ಮಲಗಿದ ನಾಯಿಗೆ ವರ್ಗವಾಗುತ್ತದೆ. ಸಂಶೋಧಕ ಹತ್ತಿರ ಹೋದಂತೆ ಸಂಕೇತ ಹೆಚ್ಚು ಸ್ಪಷ್ಟವಾಗುತ್ತದೆ.