ಪೆಪ್ಪರ್‌ಮಿಂಟಿನ ಕಾಲ

ಕುಂದುರ್ಪಿ ಊರಿನವರಿಗೆ ವಿಮಾನವೆಂದರೆ ಬಹುಕಾಲ ತಮ್ಮ ಕೋಟೆಗುಡ್ಡದ ಮೇಲೆ ಗುಂಯ್‌ಗುಟ್ಟಿ ಹೋಗುವ ವಸ್ತು. ಹತ್ತಿ ಬಂದವರ ವರ್ಣನೆಯೇ ಬೇರೆ: ಬಾಗಿಲಲ್ಲಿ ನಮಸ್ಕಾರ, ತಟ್ಟೆಯಲ್ಲಿ ಪೆಪ್ಪರ್‌ಮಿಂಟು, ಕಿವಿಗೆ ಹತ್ತಿ. ಬೀಗರ ಮನೆಯಲ್ಲೂ ಇಷ್ಟು ಉಪಚಾರವಿಲ್ಲ!

ಈ ಉಪಚಾರದ ಲಾಂಛನವಾದ ಏರ್ ಇಂಡಿಯಾದ ಮೀಸೆ ಮಹಾರಾಜ ತಲೆಬಾಗಿದ್ದು 1946ರಲ್ಲಿ; ಕಲ್ಪನೆ ಬಾಬಿ ಕೂಕಾ, ಕುಂಚ ಉಮೇಶ್ ರಾವ್. ಸಂಸ್ಥೆಯ ಸ್ಥಾಪಕ ಜೆ.ಆರ್.ಡಿ. ಟಾಟಾ ಅವರಂತೂ ಪ್ರಯಾಣಿಕರ ನಡುವೆ ಕೂತು, ಚಹಾ ಕಾಫಿಯ ಬಣ್ಣಕ್ಕಿದೆಯೆಂದು ಟಿಪ್ಪಣಿ ಬರೆಯುತ್ತಿದ್ದರು. ಅತ್ತೆಯ ಕಣ್ಣು!

ಟಿಕೆಟ್ ಮಾತ್ರ ಶೇಂಗಾ ಬೆಳೆಗಾರನ ಕೈಗೆ ನಿಲುಕದ್ದಾಗಿತ್ತು. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅಗ್ಗದ ದರದ ಏರ್ ಡೆಕ್ಕನ್ ಹಾರಿಸಿದರು. ಪುಕ್ಕಟೆ ಊಟ ಹೋಯಿತು, ಸೀಟು ಸಿಕ್ಕಿತು.

ಈಗ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಹೊರಡುವ ಈ ಕಡೆಯ ಅಜ್ಜಿಯರ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ. ಮೋಡದ ಮೇಲೆ ಬುತ್ತಿ ಬಿಚ್ಚಿದರೆ, ದುಡ್ಡು ಕೊಟ್ಟು ಒಣ ಸ್ಯಾಂಡ್‌ವಿಚ್ ಕೊಂಡವನು ಮೆಲ್ಲನೆ ಇತ್ತ ತಿರುಗುತ್ತಾನೆ.